ಅಕ್ಕೋರ ಜರ್ಮನಿ

ಮೊನ್ನೆ ಪಕ್ಕದ ಮನೆಯವರು ಉಪ್ಪುಸೊಳೆಯ ಭರಣಿ ಬಿಚ್ಚಿದರು. ಬೇಸಿಗೆಯಲ್ಲಿ ಹಲಸಿನ ಸೊಳೆಗೆ ಉಪ್ಪು ಬೆರೆಸಿ, ಮೇಲೊಂದು ಕಲ್ಲು ಹೇರಿ ಕಟ್ಟಿಟ್ಟದ್ದು ಮಳೆಗಾಲದಲ್ಲಿ ಹೀಗೆ ಹೊರಗೆ ಬರುತ್ತದೆ. ಆ ಹುಳಿ ವಾಸನೆ ಕಿಟಕಿ ಹಾದು ನಮ್ಮ ಅಡುಗೆಮನೆಗೆ ನುಗ್ಗಿತು. ನನ್ನ ಗಂಡ ಮೂಗು ಹಿಡಿದುಕೊಂಡು ಕಿಟಕಿ ಮುಚ್ಚಲು ಎದ್ದರು. ಇರಲಿ ಬಿಡಿ ಎಂದೆ. ಕುಮಟೆಯಲ್ಲಿ ನಾನು ಜರ್ಮನ್ ಕಲಿಯುತ್ತಿದ್ದಾಗ ನಮ್ಮ ಅಕ್ಕೋರ ಕೋಣೆ ಹೀಗೇ ನಾರುತ್ತಿತ್ತು.

ಅಕ್ಕೋರು ಭರಣಿಯಲ್ಲಿ ಹಾಕುತ್ತಿದ್ದುದು ಹಲಸನ್ನಲ್ಲ, ಕ್ಯಾಬೇಜನ್ನು. ಕುಮಟೆಯ ಸಂತೆಯಿಂದ ತಂದು, ಎಳೆ ಎಳೆಯಾಗಿ ಹೆಚ್ಚಿ, ಉಪ್ಪು ತಿಕ್ಕಿ, ಕಪಾಟಿನ ಹಿಂದೆ ಹುಳಿ ಬರಲು ಇಡುತ್ತಿದ್ದರು. ಜರ್ಮನ್ನರು ಚಳಿಗಾಲಕ್ಕೆಂದು ಹೀಗೆ ಮಾಡಿಡುತ್ತಾರಂತೆ. ನಮ್ಮೂರಿನ ಸೆಖೆಗೆ ಅದು ಹುಳಿಯಾಗುವ ಬದಲು ಕೊಳೆಯುವುದೇ ಹೆಚ್ಚು. ಅಟೆಂಡರು ಕಸ ಗುಡಿಸಲು ಬಂದವನು ಬಾಗಿಲಲ್ಲೇ ನಿಂತು ಹೋಗುತ್ತಿದ್ದ. ಅಕ್ಕೋರಿಗೆ ಅದೊಂದೂ ಲೆಕ್ಕಕ್ಕಿಲ್ಲ. "ಉಪ್ಪುಸೊಳೆ ತಿಂದವ್ರಿಗೆ ಜರ್ಮನಿ ಎಂತಾ ದೂರನೆ?" ಎಂದು ನಮ್ಮ ನಾಲಿಗೆಯ ಮೇಲೆ ಒಂದೊಂದು ಎಳೆ ಇಟ್ಟು, ಮುಖ ನೋಡುತ್ತ ನಿಲ್ಲುತ್ತಿದ್ದರು.

ಕುಮಟೆಯಲ್ಲಿ ಜರ್ಮನ್ ಯಾಕೆ ಎಂದು ಈಗ ಕೇಳುವವರಿದ್ದಾರೆ. ಆಗಲೂ ಕೇಳುತ್ತಿದ್ದರು. ಗೋಕರ್ಣಕ್ಕೆ ಅಷ್ಟೊಂದು ಬಿಳಿಯರು ಬರುತ್ತಾರೆ, ಅವರಲ್ಲಿ ಜರ್ಮನ್ನರೂ ಬೇಕಾದಷ್ಟಿದ್ದಾರೆ, ಇಲ್ಲಿಯ ಮಕ್ಕಳು ಆ ಭಾಷೆ ಕಲಿತರೆ ಹೊಟ್ಟೆಪಾಡಿಗೆ ದಾರಿಯಾಗುತ್ತದೆ ಎಂದು ವಿಶ್ವವಿದ್ಯಾಲಯದ ಯಾರೋ ದೊಡ್ಡವರಿಗೆ ಹೊಳೆದಿತ್ತು. ಹಾಗೆ ಇಲ್ಲಿಯ ಸಣ್ಣ ಕೇಂದ್ರದಲ್ಲಿ ಜರ್ಮನ್ ಭಾಷೆ ಮತ್ತು ಸಂಸ್ಕೃತಿ ಎಂಬ ಕೋರ್ಸು ಶುರುವಾಯಿತು. ಹೊಳೆದವರು ವರ್ಗವಾಗಿ ಹೋದರು, ಕೋರ್ಸು ಉಳಿಯಿತು. ನಾನು ಸೇರಿದ್ದು ಜರ್ಮನಿಯ ಮೇಲಿನ ಪ್ರೀತಿಯಿಂದೇನಲ್ಲ. ಬೇರೆಲ್ಲೂ ಸೀಟು ಸಿಗಲಿಲ್ಲ. ಹೊನ್ನಾವರದ ಬಂದರದಲ್ಲಿ ಬಲೆ ಹೆಣೆಯುತ್ತಿದ್ದ ನನ್ನ ಅಪ್ಪ, ಮಗಳು ಮನೆಯಲ್ಲಿ ಕೂರುವುದಕ್ಕಿಂತ ಯಾವುದಾದರೂ ಕಲಿಯಲಿ ಎಂದು ಬಸ್ಸು ಹತ್ತಿಸಿದ್ದ.

ಅಧ್ಯಾಪಕರೆಂದರೆ ಅಕ್ಕೋರೊಬ್ಬರೇ. ಪದವಿ ತರಗತಿಗೆ ಕಲಿಸುವವರನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ನಾವು ಮಾತ್ರ ಪ್ರಾಥಮಿಕ ಶಾಲೆಯ ರೂಢಿಯಲ್ಲಿ ಅಕ್ಕೋರು ಎಂದೆವು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವರಿಗೂ ಅದೇ ಹಿತವಾಗಿತ್ತೆಂದು ಕಾಣುತ್ತದೆ. ಹೊನ್ನಾವರದವರೇ, ಒಂಟಿ ಹೆಂಗಸು, ಹತ್ತಿ ಸೀರೆ, ಕೈಯಲ್ಲೊಂದು ಗಂಡಸರ ಗಡಿಯಾರ. ಪ್ರಾಯದಲ್ಲಿ ಪುಣೆಗೆ ಹೋಗಿ ಜರ್ಮನ್ ಕಲಿತವರು. ಅಲ್ಲಿ ಅವರಿಗೆ ಕಲಿಸಿದ್ದು ಒಬ್ಬ ಮುದುಕಿ ಜರ್ಮನ್ ಹೆಂಗಸು. ಆಕೆ ಹುಡುಗಿಯಾಗಿದ್ದಾಗಲೇ ದೇಶ ಬಿಟ್ಟು ಬಂದು, ತಿರುಗಿ ಹೋಗದೆ ಇಲ್ಲಿಯೇ ಉಳಿದವಳಂತೆ. ಆಕೆ ಕಲಿಸಿದ್ದೆಲ್ಲ ಆಕೆಯ ತಾಯಿಯ ಮನೆಯ ಜರ್ಮನಿ. ಅಕ್ಕೋರು ಅದನ್ನು ಹನಿ ಚೆಲ್ಲದಂತೆ ಕುಮಟೆಗೆ ತಂದರು. ಅವರು ಸ್ವತಃ ಜರ್ಮನಿಗೆ ಹೋದವರಲ್ಲ. ಈ ಮಾತನ್ನು ಅವರು ಮುಚ್ಚಿಡಲಿಲ್ಲ, ನಾವೂ ಕೆದಕಲಿಲ್ಲ.

ವ್ಯಾಕರಣದ ತರಗತಿಯಲ್ಲಿ ಅವರು ಎಲ್ಲ ಮಾಸ್ತರರ ಹಾಗೆಯೇ. ಸಂಸ್ಕೃತಿಯ ತರಗತಿಯಲ್ಲಿ ಮಾತ್ರ ಬೇರೆಯೇ ಮನುಷ್ಯರು. ಆ ವಿಷಯದ ಜರ್ಮನ್ ಹೆಸರು 'ಕುಂಡೆ' ಎಂದು ಮುಗಿಯುತ್ತಿತ್ತು, ಕನ್ನಡದ ಕಿವಿಗೆ ಜೋರಾಗಿ ಹೇಳುವಂತಿರಲಿಲ್ಲ. ಹಿಂದಿನ ಬೆಂಚಿನಿಂದ ಕಿಸಿಕಿಸಿ ಏಳುತ್ತಿತ್ತು. ಅದಕ್ಕೆ ಅಕ್ಕೋರು ದೇಶಪರಿಚಯ ಎಂದೇ ಅನ್ನುತ್ತಿದ್ದರು. ಹೂವು ಕೊಡುವಾಗ ಸುತ್ತಿದ ಕಾಗದ ಬಿಚ್ಚಿ ಕೊಡಬೇಕು, ಎಣಿಸಿದರೆ ಬೆಸ ಸಂಖ್ಯೆ ಬರಬೇಕು. ಕರೆದ ಹೊತ್ತಿಗೆ ಹೋಗಬೇಕು, ಮೊದಲೂ ಅಲ್ಲ, ತಡವೂ ಅಲ್ಲ. ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಯಾರ ಬಾಗಿಲನ್ನೂ ತಟ್ಟಬಾರದು. ಡಿಸೆಂಬರಿನಲ್ಲಿ ಸಮುದ್ರದ ದಂಡೆಯ ಗಾಳಿಮರದ ಟೊಂಗೆ ತರಿಸಿ, ಬಳೆಯ ಹಾಗೆ ಬಾಗಿಸಿ, ಮೇಲೆ ಮೇಣದಬತ್ತಿ ನಿಲ್ಲಿಸುತ್ತಿದ್ದರು. ಕ್ರಿಸ್ಮಸ್ ಬರುವವರೆಗೆ ಪ್ರತಿ ವಾರ ಒಂದೊಂದು ಹೆಚ್ಚಿಗೆ ಹಚ್ಚಬೇಕು. ಹೊರಗೆ ಉರಿಬಿಸಿಲು, ಒಳಗೆ ಫ್ಯಾನು ಆರಿಸಿ ಬತ್ತಿ ಹಚ್ಚಿಕೊಂಡು ಹಿಮದ ಹಾಡು. ಬೆವರು ಒರೆಸಿಕೊಳ್ಳುತ್ತ ನಾವು ಹಾಡುತ್ತಿದ್ದೆವು. ನಗು ಬರುತ್ತಿತ್ತು, ಆದರೆ ಅವರ ಮುಖ ನೋಡಿದರೆ ನಗಲು ಮನಸ್ಸಾಗುತ್ತಿರಲಿಲ್ಲ.

ಗೋಕರ್ಣದ ದಂಡೆಯಲ್ಲಿ ಚಡ್ಡಿ ಹಾಕಿಕೊಂಡು ಬಿದ್ದುಕೊಂಡಿರುವ ಜರ್ಮನ್ನರ ಬಗ್ಗೆ ಕೇಳಿದರೆ ಅಕ್ಕೋರು ಮಾತು ತಿರುಗಿಸುತ್ತಿದ್ದರು. ಮನೆ ಬಿಟ್ಟು ಬಂದವರನ್ನು ನೋಡಿ ಮನೆಯ ರೀತಿ ತಿಳಿಯುತ್ತದೆಯೇ ಎಂಬುದು ಅವರ ವಾದ. ಆಗ ನನಗೂ ಸರಿಯೆಂದೇ ಕಂಡಿತ್ತು.

ನಾನು ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ತರಗತಿಯಲ್ಲಿ ಒಂದು ಕೈಯ ಬೆರಳುಗಳಿಗಿಂತ ಕಡಿಮೆ ಮಂದಿ ಉಳಿದಿದ್ದೆವು. ಮಕ್ಕಳಿಲ್ಲದ ಕೋರ್ಸನ್ನು ಮುಂದಿನ ವರ್ಷದಿಂದ ಮುಚ್ಚುವುದೆಂದು ವಿಶ್ವವಿದ್ಯಾಲಯ ಹೇಳಿಬಿಟ್ಟಿತು. ಅಕ್ಕೋರದು ವರ್ಷವರ್ಷವೂ ಮುಂದುವರಿಸುವ ತಾತ್ಕಾಲಿಕ ಕೆಲಸ. ಕೋರ್ಸು ಹೋದರೆ ಅವರೂ ಹೋದ ಹಾಗೆ. ಆದರೆ ಅವರು ನೌಕರಿಯ ಮಾತು ಎತ್ತಿದ್ದು ನನಗೆ ನೆನಪಿಲ್ಲ. ಪುಣೆಯ ಮುದುಕಿ ತನಗೆ ಕೊಟ್ಟದ್ದನ್ನು ಇನ್ನೊಬ್ಬರ ಕೈಗೆ ದಾಟಿಸದೆ ಸಾಯುವುದೇ ಎಂಬ ಒಂದೇ ಕೊರಗು ಅವರಿಗೆ. ಭಟ್ಕಳದಿಂದ ಕುಮಟೆಯವರೆಗೆ ಕಾಲೇಜು ಕಾಲೇಜು ಅಲೆದು ಮಕ್ಕಳನ್ನು ಕರೆದರು. ಯಾರೂ ಬರಲಿಲ್ಲ.

ಅಷ್ಟರಲ್ಲಿ ಒಂದು ಎಳೆ ಸಿಕ್ಕಿತು. ಜರ್ಮನಿಯ ಒಂದು ವಿಶ್ವವಿದ್ಯಾಲಯದವರು ಇಲ್ಲಿಯ ಕೇಂದ್ರಗಳ ಜೊತೆ ಸಂಬಂಧ ಬೆಳೆಸಲು ಹೊರಟಿದ್ದರು. ಅವರ ಪ್ರಾಧ್ಯಾಪಕಿಯೊಬ್ಬಳು ಬಂದು ನೋಡುತ್ತಾಳೆ, ಒಪ್ಪಿದರೆ ಅಲ್ಲಿಂದ ಪುಸ್ತಕ ಬರುತ್ತದೆ, ವರ್ಷಕ್ಕೊಬ್ಬ ಅಧ್ಯಾಪಕ ಬರುತ್ತಾನೆ, ಕೋರ್ಸು ಉಳಿಯುತ್ತದೆ. ಒಪ್ಪದಿದ್ದರೆ ಮುಗಿಯಿತು. ಅಕ್ಕೋರು ಈ ಸುದ್ದಿ ಹೇಳುವಾಗ ಬೋರ್ಡಿಗೆ ಒರಗಿಕೊಂಡಿದ್ದರು, ಸೀರೆಯ ಹಿಂಭಾಗವೆಲ್ಲ ಸೀಮೆಸುಣ್ಣದ ಪುಡಿಯಾಗಿತ್ತು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಆಮೇಲೆ ಯಾವತ್ತೂ ನೋಡಲಿಲ್ಲ.

ಕೇಂದ್ರದ ಮುಖ್ಯಸ್ಥರು ನಮ್ಮ ಕಡೆಯ ಪದ್ಧತಿಯಂತೆ ತಯಾರಿ ಶುರುಮಾಡಿದರು. ಸೇವಂತಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ವಾಗತಗೀತೆ, ಬಾಳೆಎಲೆ ಊಟ. ಅಕ್ಕೋರು ಒಂದೊಂದಾಗಿ ಎಲ್ಲವನ್ನೂ ಹೊಡೆದುಹಾಕಿದರು.

"ಸೇವಂತಿಗೆ ಅಲ್ಲಿ ಗೋರಿ ಮೇಲೆ ಇಡೂ ಹೂವು ಸರ್. ಬಂದ ಕೂಡ್ಲೆ ಕೊರಳಿಗೆ ಹಾಕುದಾ?"

ಮುಖ್ಯಸ್ಥರು ಹಾರ ಬಿಟ್ಟರು. ಜರ್ಮನಿಯ ಬಗ್ಗೆ ಅಕ್ಕೋರ ಎದುರು ವಾದ ಮಾಡುವವರು ಯಾರು? ಅತಿಥಿಗೆ ಆಕೆಯ ಮನೆಯ ರೀತಿಯಲ್ಲೇ ಸತ್ಕಾರವಾಗಬೇಕು ಎಂಬುದು ಅವರ ಹಟ. ನಾವು ಕಲಿತಿದ್ದೇವೆ ಎಂದು ಇನ್ನು ಹೇಗೆ ತೋರಿಸುವುದು? ಸಂಜೆ ಸರಿಯಾಗಿ ಆರಕ್ಕೆ, ಅವರ ದೇಶದಲ್ಲಿ ಮಾಡುವಂತೆ, ತಣ್ಣನೆಯ ಊಟ. ಕಪ್ಪು ಬ್ರೆಡ್ಡು, ಚೀಸು, ವಿನೆಗರಿನಲ್ಲಿ ನೆನೆಸಿದ ಸೌತೆ, ಹುಳಿ ಕ್ಯಾಬೇಜು. ಬಿಸಿಯಾದದ್ದು ಒಂದೂ ಇಲ್ಲ.

ಕಪ್ಪು ಬ್ರೆಡ್ಡು ಈ ಸೀಮೆಯಲ್ಲಿ ಎಲ್ಲಿ ಸಿಗಬೇಕು? ನನ್ನ ಜೊತೆಯವಳೊಬ್ಬಳು ಭಟ್ಕಳದಿಂದ ಬರುತ್ತಿದ್ದಳು, ನವಾಯತ ಮುಸ್ಲಿಮರ ಹುಡುಗಿ, ಅವಳ ಸೋದರಮಾವನಿಗೆ ಬೇಕರಿ ಇತ್ತು. ಅಕ್ಕೋರು ಹೇಳಿದ ಪ್ರಕಾರ ಅವರು ರಾಗಿ, ತೌಡು, ಬೆಲ್ಲ ಎಲ್ಲ ಹಾಕಿ ಸುಟ್ಟು ಕಳಿಸಿದರು. ಅವಳು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಾಗ ಟಕ್ ಎಂದು ಸದ್ದಾಯಿತು. "ಇದು ಬ್ರೆಡ್ಡಲ್ಲ, ಗೋಡೆ ಕಟ್ಟುದಕ್ಕೆ ಆತದೆ ಅಂದ್ರು ನಮ್ಮ ಮಾಮು" ಎಂದಳು. ಅಕ್ಕೋರು ಅದನ್ನೆತ್ತಿ ಮೂಸಿ ನೋಡಿ, ಬಹಳ ಚೆನ್ನಾಗಿದೆ ಎಂದರು.

ನನ್ನ ಅಮ್ಮ ಸಿಗಡಿ ತಂದು ಶೆಟ್ಲಿ ಸಾರು ಮಾಡಿ ಕಳಿಸಲು ಸಿದ್ಧಳಿದ್ದಳು. ಬೇಡವಂತೆ ಎಂದಾಗ ಅವಳಿಗೆ ನಿಜಕ್ಕೂ ಬೇಜಾರಾಯಿತು. "ಅಷ್ಟು ದೂರದಿಂದ ಬಂದವಳಿಗೆ ತಣ್ಣಗಿನ ಬ್ರೆಡ್ಡು ಕೊಟ್ಟು ಕಳ್ಸುದಾ? ನಿಮ್ಮ ಅಕ್ಕೋರಿಗೆ ಎಂತ ಆಗಿದೆ?" ಎಂದಳು. ನಾನು ಅಮ್ಮನಿಗೆ ಜರ್ಮನಿಯ ರೀತಿ ರಿವಾಜು ತಿಳಿಸಿ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ, ಶೆಟ್ಲಿ ಸುಲಿಯುತ್ತಲೇ ಇದ್ದಳು.

ಬಂದ ಪ್ರಾಧ್ಯಾಪಕಿ ನಮ್ಮ ಲೆಕ್ಕಾಚಾರದವಳಾಗಿರಲಿಲ್ಲ. ಅಕ್ಕೋರಿಗಿಂತ ತೀರಾ ಚಿಕ್ಕವಳು. ಗೋಕರ್ಣದಲ್ಲಿ ಕೊಂಡ ಹತ್ತಿಯ ಜುಬ್ಬ, ಕಾಲಿಗೆ ರಬ್ಬರ್ ಚಪ್ಪಲಿ, ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಮಧ್ಯಾಹ್ನ ಬರುತ್ತೇನೆಂದವಳು ಇಳಿಹೊತ್ತಿಗೆ ಬಂದಳು. ಅಕ್ಕೋರು ಗಡಿಯಾರ ನೋಡಿಕೊಳ್ಳದಂತೆ ಕೈ ಹಿಂದೆ ಕಟ್ಟಿಕೊಂಡದ್ದು ನನಗೆ ಕಾಣಿಸಿತು. ಕಾಗದ ಬಿಚ್ಚಿದ ಹೂವು ಕೊಟ್ಟೆವು. ಆಕೆ ಹೊರಗಿನ ಅಂಗಡಿಯಲ್ಲಿ ತೂಗುಹಾಕಿದ್ದ ಸೇವಂತಿಗೆ ಮಾಲೆಯತ್ತ ಬೆರಳು ಮಾಡಿ, ಎಷ್ಟು ಚಂದ, ಅದನ್ನು ತಲೆಗೆ ಮುಡಿಯುತ್ತೀರಾ ಎಂದು ಕೇಳಿದಳು. ನಾವು ಅಕ್ಕೋರ ಮುಖ ನೋಡಿದೆವು.

ಆಕೆಗೆ ನಮ್ಮ ಬಗ್ಗೆ ತಿಳಿಯಬೇಕಿತ್ತು. ಮನೆ ಎಲ್ಲಿ, ಅಪ್ಪ ಎಂತ ಮಾಡುತ್ತಾರೆ, ಸಮುದ್ರಕ್ಕೆ ಹೋಗುತ್ತೀರಾ, ಮನೆಯಲ್ಲಿ ಯಾವ ಭಾಷೆ... ಅಪರಿಚಿತರ ಜೊತೆ ಸ್ವಂತದ ಮಾತಾಡಬಾರದು ಎಂದು ಅಕ್ಕೋರು ನಮಗೆ ಕಲಿಸಿದ್ದರಲ್ಲ! ನಾವೆಲ್ಲ ಹವೆಯ ಬಗ್ಗೆ ಉತ್ತರ ಕೊಟ್ಟೆವು. ಈ ದಿನ ಸ್ವಲ್ಪ ಮೋಡವಿದೆ. ನಾಳೆ ಬಿಸಿಲು ಬರಬಹುದು. ಭಟ್ಕಳದ ಹುಡುಗಿ, ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಇಲ್ಲಿ ಜರ್ಮನ್ ಎಂದು ಬಾಯಿ ಬಿಟ್ಟಿದ್ದರೆ ಆಕೆ ಕುಣಿದಾಡುತ್ತಿದ್ದಳೋ ಏನೋ. ಅವಳೂ ತಪ್ಪಿಲ್ಲದ ಜರ್ಮನ್‌ನಲ್ಲಿ ಮೋಡದ ಬಗ್ಗೆಯೇ ಹೇಳಿದಳು.

ಆರು ಗಂಟೆಗೆ ಮೇಜಿಗೆ ಕೂತೆವು. ಬಿಳಿ ಬಟ್ಟೆ, ಚಾಕು ಬಲಗಡೆ, ಫೋರ್ಕು ಎಡಗಡೆ, ಹಲಗೆಯ ಮೇಲೆ ತೆಳ್ಳಗೆ ಕೊಯ್ದ ಆ ಬ್ರೆಡ್ಡು. ಪಕ್ಕದ ಖಾನಾವಳಿಯಿಂದ ಬಂಗಡೆ ಹುರಿಯುವ ವಾಸನೆ ಒಂದೇ ಸಮನೆ ಬರುತ್ತಿತ್ತು. ಆಕೆ ಮತ್ತೆ ಮತ್ತೆ ಆ ಕಡೆಗೆ ತಿರುಗುತ್ತಿದ್ದಳು. ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದು, ನನ್ನ ಅಜ್ಜಿ ಹೀಗೇ ಬಡಿಸುತ್ತಿದ್ದಳು ಎಂದಳು. ಅಕ್ಕೋರ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಹೊಗಳಿಕೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಕಾರು ಹತ್ತುವ ಮೊದಲು ಆಕೆ ಅಕ್ಕೋರ ಎರಡೂ ಕೈ ಹಿಡಿದುಕೊಂಡಳು. ಕೆಟ್ಟವಳಲ್ಲ, ಬೆನ್ನ ಹಿಂದೆ ಹೇಳದೆ ಎದುರಿಗೇ ಹೇಳಿದಳು. ನಿಮ್ಮ ಶ್ರಮ ದೊಡ್ಡದು, ಆದರೆ ನೀವು ಕಲಿಸುತ್ತಿರುವ ಜರ್ಮನಿ ಈಗ ಎಲ್ಲೂ ಇಲ್ಲ. ನಮ್ಮ ವಿಶ್ವವಿದ್ಯಾಲಯ ಇದಕ್ಕೆ ಒಪ್ಪಲಾರದು, ಈ ಮಕ್ಕಳು ಅಲ್ಲಿಗೆ ಬಂದರೆ ಕಂಗಾಲಾಗುತ್ತಾರೆ... ಮುಖ್ಯಸ್ಥರು ಪಕ್ಕದಲ್ಲೇ ನಗುತ್ತ ನಿಂತಿದ್ದರು, ಅವರಿಗೆ ಭಾಷೆ ಬಾರದು. ನಮಗೆ ಪ್ರತಿ ಶಬ್ದವೂ ಅರ್ಥವಾಯಿತು. ಅರ್ಥವಾಗುವಷ್ಟು ಚೆನ್ನಾಗಿ ಕಲಿಸಿದವರು ಅಕ್ಕೋರೇ.

ಕಾರು ಹೋಯಿತು. ಅಕ್ಕೋರು ಒಳಗೆ ಬಂದು ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಹತ್ತಿರ ಹೋಗಿ, ಅಕ್ಕೋರೆ ಎಂದೆ. ನಮ್ಮ ಜೊತೆ ಯಾವತ್ತೂ ಊರವರೆಲ್ಲ ಆಡುವ ಕನ್ನಡವನ್ನೇ ಆಡುತ್ತಿದ್ದವರು ಆ ದಿನ ತಮ್ಮ ಮನೆಮಾತಿನಲ್ಲಿ "ಎಂತೂ ಇಲ್ಲೆ... ನೀ ಬಸ್ಸಿಗೆ ಹೋಗು" ಎಂದರು. ಬಸ್ಸಿನಲ್ಲಿ ಕೂತು ಹೊನ್ನಾವರ ಬರುವವರೆಗೂ ಅತ್ತೆ. ಆ ಜರ್ಮನ್ ಹೆಂಗಸಿನ ಮೇಲೆ ಸಿಟ್ಟು, ಪುಣೆಯ ಮುದುಕಿಯ ಮೇಲೆ ಸಿಟ್ಟು. ನಮ್ಮಮ್ಮನ ಸಾರನ್ನೊಂದು ತಂದಿಟ್ಟಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಅತಿಥಿ ಬಂದರೆ ಏನು ಮಾಡಬೇಕೆಂದು ಈ ಕರಾವಳಿಯ ಸಣ್ಣ ಮಕ್ಕಳಿಗೂ ಗೊತ್ತು. ಅಕ್ಕೋರಿಗೂ ಗೊತ್ತಿತ್ತು. ಗೌರವ ಹೆಚ್ಚಾಗಿ ಅದನ್ನು ಮರೆತರು.

ಪರೀಕ್ಷೆಯವರೆಗೂ ಅವರು ಪಾಠ ಮಾಡಿದರು, ವ್ಯಾಕರಣ ಮಾತ್ರ. ದೇಶಪರಿಚಯದ ಹೊತ್ತಿಗೆ ನೀವೇ ಓದಿಕೊಳ್ಳಿ ಎಂದು ಕಿಟಕಿಯ ಹತ್ತಿರ ಕೂರುತ್ತಿದ್ದರು. ಕೋರ್ಸು ಮುಚ್ಚಿತು. ಅವರು ಹೊನ್ನಾವರಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಾಳಿಗೆಯ ಮನೆ ಹಿಡಿದು, ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಬದುಕಿದರು. ನಾನು ಒಂದು ಪತ್ತಿನ ಸಂಘದಲ್ಲಿ ಕ್ಲರ್ಕಾದೆ, ಮದುವೆಯಾಯಿತು. ಮೀನುಪೇಟೆಯ ದಾರಿಯಲ್ಲಿ ಸಿಕ್ಕರೆ ನಾನು ಜರ್ಮನ್‌ನಲ್ಲಿ ನಮಸ್ಕಾರ ಹೇಳುತ್ತಿದ್ದೆ. ಅವರು ಕನ್ನಡದಲ್ಲಿ, "ಆರಾಮನೆ?" ಎನ್ನುತ್ತಿದ್ದರು.

ಕೆಲವು ವರ್ಷದ ಹಿಂದೆ ನಮ್ಮ ಕೇರಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ನರ್ಸಿಂಗ್ ಮುಗಿಸಿದ್ದಳು. ಜರ್ಮನಿಯಲ್ಲಿ ನರ್ಸುಗಳಿಗೆ ಕೆಲಸವಿದೆ, ಆದರೆ ಭಾಷೆಯ ಪರೀಕ್ಷೆ ಪಾಸಾಗಬೇಕು. ನನ್ನ ಜರ್ಮನ್‌ಗೆ ತುಕ್ಕು ಹಿಡಿದಿತ್ತು. ಅಕ್ಕೋರ ಮನೆಗೆ ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಹುಡುಗಿಗಿಂತ ಅಕ್ಕೋರ ಸಲುವಾಗಿಯೇ ಹೋದೆ. ಕಡೆಗೂ ಜರ್ಮನಿಗೇ ಹೊರಟ ಶಿಷ್ಯೆ ಮನೆ ಬಾಗಿಲಿಗೆ ಬಂದರೆ ಅವರ ಮುಖ ಹೇಗಾಗಬಹುದೆಂದು ಮೆಟ್ಟಿಲು ಹತ್ತುವಾಗಲೇ ನನಗೆ ಹುರುಪು.

ಅಕ್ಕೋರು ಎಲ್ಲ ಕೇಳಿಸಿಕೊಂಡರು. ಹುಡುಗಿಯನ್ನು ಕೂರಿಸಿ ಕೋಕಂ ಪಾನಕ ಕೊಟ್ಟರು. ಆಮೇಲೆ ತಲೆಯಾಡಿಸಿದರು.

"ನಾ ಕಲಿಸುದು ಇಲ್ಲದಿದ್ದ ದೇಶದ್ದು, ಕೂಸೇ. ಅದನ್ನ ತಕಂಡು ಹೋದ್ರೆ ಅಲ್ಲಿ ನಿನ್ನ ನೋಡಿ ನಗ್ತ್ರು. ಫೋನಲ್ಲೇ ಕಲಿ, ಅದೇ ಒಳ್ಳೇದು."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಭಾಷೆಯನ್ನಾದರೂ ಕಲಿಸಿ ಎಂದೆ. ಭಾಷೆಯೊಂದನ್ನೇ ಕಲಿಸಲು ತಮಗೆ ಬಾರದು ಎಂದರು. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಸರಕು ಮುಗಿದಿದೆ ಎನ್ನುವವರ ಹಾಗೆ ಹೇಳಿದರು. ಹುಡುಗಿ ಫೋನಿನಲ್ಲೇ ಕಲಿತು, ಪರೀಕ್ಷೆ ಪಾಸಾಗಿ, ಹೋದಳು.

ಹೋದ ವರ್ಷ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ. ನನಗೆ ಗೊತ್ತಾಗುವಷ್ಟರಲ್ಲಿ ಘಟ್ಟದ ಮೇಲಿನ ನೆಂಟರು ಬಂದು ಎಲ್ಲ ಮುಗಿಸಿ, ಮನೆಯ ಕೀಲಿ ಮಾಲಕರಿಗೆ ಕೊಟ್ಟು ಹೋಗಿದ್ದರು. ಪುಸ್ತಕಗಳೆಲ್ಲಿ ಎಂದು ಮಾಲಕರನ್ನು ಕೇಳಿದೆ. ರದ್ದಿಯವನಿಗೆ ಹಾಕಿದ್ದಾಗಿತ್ತು.

ಈ ಬೇಸಿಗೆಯಲ್ಲಿ ಆ ಹುಡುಗಿ ಜರ್ಮನಿಯಿಂದ ಫೋನು ಮಾಡಿದಳು. ಆಸ್ಪತ್ರೆಯಲ್ಲಲ್ಲ, ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಅವಳಿಗೆ ಕೆಲಸ. ಎಲ್ಲರೂ ತೊಂಬತ್ತರ ಆಸುಪಾಸಿನವರು. ಮೊದಲನೆಯ ವರ್ಷ ಅಳದ ದಿನವಿಲ್ಲ ಎಂದಳು.

"ಅಕ್ಕ, ಎಂತ ಹೇಳುದು... ಒಬ್ಳು ಅಜ್ಜಿದು ಹುಟ್ಟಿದಬ್ಬ ಇತ್ತು, ನಂಗೆ ಅದೇ ದಿನ ರಜೆ. ಅದ್ಕೆ ಮುಂಚಿನ ದಿನವೇ ಶುಭಾಶಯ ಹೇಳ್ದೆ. ಅಷ್ಟೇ. ಸಾಯ್ಲಿ ಅಂತ ಹೇಳ್ದ ಹಾಂಗೆ ಮುಖ ತಿರುಗ್ಸಿದ್ಲು. ಎಷ್ಟೋ ದಿನ ನನ್ನ ಕೈಯಿಂದ ಮಾತ್ರೆ ತಕಳ್ಳಿಲ್ಲ."

ಹುಟ್ಟಿದ ದಿನಕ್ಕೆ ಮೊದಲೇ ಶುಭ ಕೋರಿದರೆ ಅಲ್ಲಿ ಅಪಶಕುನ. ನನಗೆ ಗೊತ್ತಿತ್ತು. ನಾವು ಸೇರಿದ ಹೊಸದರಲ್ಲೇ ಅಕ್ಕೋರು ಹೇಳಿಕೊಟ್ಟಿದ್ದರು. ಹುಡುಗಿ ಹೇಳುತ್ತಲೇ ಹೋದಳು. ಸಂಜೆ ಬಿಸಿ ಸೂಪು ಕೊಟ್ಟದ್ದಕ್ಕೆ ಬೈಸಿಕೊಂಡದ್ದು, ನಿದ್ದೆಯ ಹೊತ್ತಿನಲ್ಲಿ ಬಾಗಿಲು ತಟ್ಟಿದ್ದಕ್ಕೆ ದೂರು ಹೋದದ್ದು... ಜೊತೆಗೆ ಕೆಲಸ ಮಾಡುವ ಅಲ್ಲಿಯ ಹುಡುಗರಿಗೂ ಇದೊಂದೂ ಗೊತ್ತಿಲ್ಲವಂತೆ. ಈ ಮುದುಕರದ್ದೇ ಬೇರೆ ದೇಶ ಎಂದು ಅವರೇ ನಗುತ್ತಾರಂತೆ.

"ಆವತ್ತು ಕೋಕಂ ಕೊಟ್ರಲ್ಲ, ಆ ಅಕ್ಕೋರಿಗೆ ಇದೆಲ್ಲ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಹಂಗಾದ್ರೆ ಅವ್ರ ನಂಬರ್ ಕೊಡಿ ಅಕ್ಕ. ನಾ ಒಬ್ಳೇ ಅಲ್ಲ, ನಮ್ಮ ಕಡೆಯಿಂದ ಬಂದವ್ರು ಇಲ್ಲಿ ಸುಮಾರು ಹುಡುಗ್ಯರು ಇದ್ದ್ರು. ಎಲ್ಲರೂ ಕೇಳ್ತ್ರು."

ಅವರು ಇಲ್ಲ ಎಂದು ಹೇಳಿದೆ. ಆ ಕಡೆ ಯಾರೋ ಕರೆದರು, ಊಟ ಕೊಡುವ ಹೊತ್ತಾಯಿತೆಂದು ಅವಳು ಫೋನಿಟ್ಟಳು.

ಅಕ್ಕೋರು ಕಲಿಸಿದ್ದು ಸುಳ್ಳಲ್ಲವಲ್ಲ, ಇದರಿಂದ ಸಮಾಧಾನ ಮಾಡಿಕೊಳ್ಳಿ ಎನ್ನುವವರಿದ್ದಾರೆ. ನನಗಾಗುವುದಿಲ್ಲ. ಅಲ್ಲಿಯ ಆ ಮುದುಕರೂ ಇನ್ನೆಷ್ಟು ದಿನ? ಅವರು ಹೋದ ಮೇಲೆ ನಿಜಕ್ಕೂ ಏನೂ ಉಳಿಯುವುದಿಲ್ಲ. ಆದರೆ ಅಕ್ಕೋರು ಬದುಕಿದ್ದಷ್ಟು ಕಾಲವೂ ಅದು ಇತ್ತು. ಒಂದು ಮನೆಯ ತುಂಬ ಜನ ಅಲ್ಲಿ ಸಂಜೆಯ ಬ್ರೆಡ್ಡಿಗೆ ಕಾಯುತ್ತ ಕೂತಿದ್ದರು, ತಮ್ಮ ರೀತಿ ತಿಳಿದ ಒಬ್ಬರಾದರೂ ಬಾರರೇ ಎಂದು ಗೊಣಗುತ್ತ. ಇಲ್ಲಿ ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದೆ, ಮಾಳಿಗೆಯ ಮೇಲೆ, ತನ್ನ ಜರ್ಮನಿ ಎಲ್ಲೂ ಇಲ್ಲವೆಂದು ನಂಬಿಕೊಂಡೇ ನಮ್ಮ ಅಕ್ಕೋರು ಸತ್ತರು.